ಮಲಗಿದ ಜಿಂಕೆಯನ್ನು ಎಬ್ಬಿಸಿದ್ದು

ಮೊನ್ನೆ ಭಾನುವಾರ ವಾಷಿಂಗ್ ಮಷಿನ್ನಿನ ಬಾಗಿಲು ತೆಗೆದ ಶೋಭಾ ಐದು ನಿಮಿಷ ಮಾತಾಡಲಿಲ್ಲ. ನನ್ನ ಹೆಂಡತಿ ಐದು ನಿಮಿಷ ಮಾತಾಡಲಿಲ್ಲವೆಂದರೆ ಮನೆಯಲ್ಲಿ ಏನೋ ನಡೆದಿದೆ ಎಂದೇ ಅರ್ಥ. ಹೋಗಿ ನೋಡಿದೆ. ನನ್ನ ಆಸ್ಪತ್ರೆಯ ನೀಲಿ ಅಂಗಿಗಳು, ಮಗಳ ಶಾಲೆಯ ಸ್ವೆಟರ್, ಶೋಭಾಳ ಕರಿ ಕುರ್ತಾ, ಎಲ್ಲದರ ಮೇಲೂ ಅಕ್ಷತೆ ಎರಚಿದ ಹಾಗೆ ಬಿಳಿ ಚೂರುಗಳು. ನನ್ನ ಪ್ಯಾಂಟಿನ ಕಿಸೆಯಲ್ಲಿ ಟಾಯ್ಲೆಟ್ ಪೇಪರಿನ ಸುರುಳಿ ಉಳಿದುಬಿಟ್ಟಿತ್ತು. ಹನ್ನೊಂದು ವರ್ಷದ ಮಗಳು ಇಣುಕಿ ನೋಡಿ, "ಅಪ್ಪಾ, ದಟ್ಸ್ ಸೋ ಗ್ರೋಸ್," ಎಂದು ಮೂಗು ಹಿಡಿದುಕೊಂಡು ಹೋದಳು. ಕನ್ನಡದಲ್ಲಿ ಬೈದರೆ ಪೂರ್ತಿ ಅರ್ಥವಾಗಿ, ಇಂಗ್ಲಿಷಿನಲ್ಲಿ ತಿರುಗಿ ಬೈಯುವ ಮಗಳು ಅವಳು.

ಅದು ಬಳಸದ ಪೇಪರು ಎಂದು ನಿಮಗಾದರೂ ಹೇಳಿಬಿಡುತ್ತೇನೆ, ಮನೆಯಲ್ಲಿ ನಂಬುವವರಿಲ್ಲ. ಬಿಲ್ಲು ಬಾಣ ಹಿಡಿದು ಬೇಟೆಗೆ ಹೋಗುವವರ ಕಿಸೆಯಲ್ಲಿ ಚಾಕು, ದಿಕ್ಸೂಚಿ, ಚಾಕೊಲೇಟು ಇರುತ್ತವೆ ಎಂದು ನೀವು ಊಹಿಸಿದರೆ ತಪ್ಪಿಲ್ಲ. ಆದರೆ ಇವೆಲ್ಲಕ್ಕಿಂತ ಹೆಚ್ಚು ಕೆಲಸಕ್ಕೆ ಬರುವುದು ಈ ಪೇಪರು. ಬಾಣ ತಗುಲಿದ ಜಿಂಕೆ ನಿಂತಲ್ಲೇ ಬೀಳುವುದಿಲ್ಲ, ಹೊರಟುಹೋಗುತ್ತದೆ. ಅದರ ಹಿಂದೆ ರಕ್ತದ ಹನಿ ನೋಡಿಕೊಂಡು ನಡೆಯಬೇಕು. ಹನಿ ಸಿಕ್ಕಲ್ಲೆಲ್ಲ ಹತ್ತಿರದ ಕೊಂಬೆಗೆ ಒಂದು ಬಿಳಿ ಚೂರು ಸಿಕ್ಕಿಸಬೇಕು. ಮುಂದೆ ದಾರಿ ತಿಳಿಯದೆ ಹೋದಾಗ ಹಿಂತಿರುಗಿ ನೋಡಿದರೆ, ಆ ಬಿಳಿಯ ಸಾಲು ಪ್ರಾಣಿ ಯಾವ ಕಡೆ ವಾಲಿಕೊಂಡು ಹೋಗುತ್ತಿದೆ ಎಂದು ಹೇಳುತ್ತದೆ. ಒಂದು ಮಳೆ ಬಂದರೆ ಪೇಪರು ಕರಗುತ್ತದೆ, ಕಾಡಿಗೂ ಏನೂ ತೊಂದರೆಯಿಲ್ಲ.

ನಾನು ಬೇಟೆಗಾರ ಎಂದರೆ ಸುಳ್ಳಾಗುತ್ತದೆ, ಅಲ್ಲ ಎಂದರೂ ಸುಳ್ಳಾಗುತ್ತದೆ. ಈ ಜನ್ಮದಲ್ಲಿ ಒಂದೇ ಒಂದು ಜಿಂಕೆಗೆ ಬಾಣ ಬಿಟ್ಟಿದ್ದೇನೆ. ಈಗ ನಮ್ಮೂರು ಅಪ್ಪರ್ ಹಟ್ಟಿನ ಬಿಲ್ಲುಗಾರರು ತಾವು ಹೊಡೆದದ್ದು ಕಾಣದೆ ಹೋದಾಗ ನನಗೆ ಫೋನ್ ಮಾಡುತ್ತಾರೆ. ನಾನು ಸುರುಳಿ ಕಿಸೆಗೆ ಹಾಕಿಕೊಂಡು ಹುಡುಕಲು ಹೋಗುತ್ತೇನೆ, ಅಷ್ಟೆ. ಮೊನ್ನೆ ಶಿಕ್ಷೆಯ ರೂಪದಲ್ಲಿ ಹಿತ್ತಿಲಿನ ಡೆಕ್ಕಿನ ಮೇಲೆ ಕೂತು ಬಟ್ಟೆಗಳಿಂದ ಚೂರುಗಳನ್ನು ಒಂದೊಂದಾಗಿ ಕೀಳುತ್ತಿದ್ದೆ. ಎಳೆ ಬಿಸಿಲಿತ್ತು. ಎದುರಿನ ಬೆಟ್ಟದ ನೆತ್ತಿಯಲ್ಲಿ ಮಂಜು ಇನ್ನೂ ಏಳಲು ಮನಸ್ಸಿಲ್ಲದೆ ಬಿದ್ದುಕೊಂಡಿತ್ತು. ಅದನ್ನು ನೋಡುತ್ತಾ ನೋಡುತ್ತಾ ಆ ಒಂದು ಜಿಂಕೆಯ ದಿನಕ್ಕೆ ಹೋಗಿಬಿಟ್ಟೆ.

ಅಲ್ಲಿಗೆ ಹೋಗುವ ಮೊದಲು ನನ್ನ ಒಂದು ಕಾಯಿಲೆಯ ಬಗ್ಗೆ ಹೇಳಬೇಕು. ನಾನು ಹುಬ್ಬಳ್ಳಿಯಲ್ಲಿ ನರ್ಸಿಂಗ್ ಕಲಿತವನು. ಅಲ್ಲಿ ಗಂಡು ನರ್ಸನ್ನು ಬ್ರದರ್ ಎನ್ನುತ್ತಾರೆ. ಇಲ್ಲಿ ಹದಿನಾಲ್ಕು ವರ್ಷದಿಂದ ಆಸ್ಪತ್ರೆಯ ತುರ್ತು ವಿಭಾಗದಲ್ಲಿದ್ದೇನೆ. ಅಲ್ಲಿ ಕೆಲಸ ಮಾಡಿ ಮಾಡಿ ನನಗೆ ಓಡುವ ಕಾಯಿಲೆ ಅಂಟಿದೆ. ಯಾರಾದರೂ ನೋವಿನಲ್ಲಿದ್ದಾರೆ ಎನಿಸಿದರೆ ಸಾಕು, ತಲೆಗಿಂತ ಮೊದಲು ಕಾಲು ಎದ್ದಿರುತ್ತದೆ. ಒಂದು ಯುಗಾದಿಯ ಊಟದಲ್ಲಿ, ಆಕ್ಲೆಂಡಿನ ಪಾಪಟೋಟೊಯಿಯಿಂದ ತಮ್ಮ ಮಗಳ ಮನೆಗೆ ಬಂದಿದ್ದ ಅಂಕಲ್ ಒಬ್ಬರು ಹಾಲ್‌ನ ಮೂಲೆಯ ಕುರ್ಚಿಯಲ್ಲಿ ಬಾಯಿ ತೆರೆದು ತಲೆ ಇಳಿಬಿಟ್ಟದ್ದು ಕಂಡಿತು. ಬಾಳೆಲೆ ದಾಟಿ ಓಡಿದೆ. ನೆಲಕ್ಕೆ ಮಲಗಿಸಿ, ಅಂಗಿಯ ಗುಂಡಿ ಬಿಚ್ಚಿ, ಕತ್ತಿನ ನಾಡಿ ಹಿಡಿದೆ. ಅಂಕಲ್ ಕಣ್ಣು ಬಿಟ್ಟು, ನಾಲ್ಕು ಹೋಳಿಗೆ ತಿಂದವನಿಗೆ ನಿದ್ದೆ ಮಾಡುವ ಹಕ್ಕೂ ಇಲ್ಲವೇ ಈ ದೇಶದಲ್ಲಿ ಎಂದು ಕೇಳಿದರು. ಆ ಕಥೆ ಈಗ ಆಕ್ಲೆಂಡ್ ತನಕ ಹೋಗಿದೆ.

ನನಗೆ ಬಿಲ್ಲು ಹಿಡಿಸಿದವನು ನೆವಿಲ್. ನಮ್ಮ ವಿಭಾಗದಲ್ಲಿ ರೋಗಿಗಳ ಮಂಚ ತಳ್ಳುವ ಆರ್ಡರ್ಲಿ, ಅರವತ್ತು ದಾಟಿದವನು. ಮಂಚವನ್ನು ತೊಟ್ಟಿಲಿನ ಹಾಗೆ ಅಷ್ಟು ನಿಧಾನವಾಗಿ ತಳ್ಳುತ್ತಾನೆ ಎಂದರೆ ಅರ್ಧ ರೋಗಿಗಳು ಎಕ್ಸ್‌ರೇ ಕೋಣೆ ಮುಟ್ಟುವಷ್ಟರಲ್ಲಿ ನಿದ್ದೆ ಹೋಗಿರುತ್ತಾರೆ. ಒಂದು ಕೆಟ್ಟ ವಾರದ ಕೊನೆಗೆ ತನ್ನ ಬಿಲ್ಲಿನ ಕ್ಲಬ್ಬಿಗೆ ಬಾ ಎಂದು ಕರೆದ. ಹೋದೆ. ದಾರ ಎಳೆದು ಹಿಡಿದ ಆ ಒಂದು ಗಳಿಗೆಯಲ್ಲಿ ಅಲಾರಂ ಇಲ್ಲ, ಫೋನ್ ಇಲ್ಲ, ಜಗತ್ತೇ ಇಲ್ಲ. ಮೂರು ವರ್ಷ ಹುಲ್ಲಿನ ಗುರಿಗೆ ಹೊಡೆದೆ. ಅಷ್ಟರಲ್ಲಿ ನೆವಿಲ್‌ನ ಭುಜದ ಆಪರೇಷನ್ ಆಗಿ ಅವನು ಬಿಲ್ಲು ಎಳೆಯಲಾರದಂತಾದ. ಇನ್ನು ನೀನು ಎಳೆ, ನಾನು ಜೊತೆಗೆ ಬರುತ್ತೇನೆ ಎಂದ.

ಜಿಂಕೆ ಎಂದರೆ ನಮ್ಮ ಚುಕ್ಕೆ ಜಿಂಕೆಯಲ್ಲ. ಕಡವೆಯ ಅಣ್ಣತಮ್ಮನಂಥ ಕಂದುಗೆಂಪು ಪ್ರಾಣಿ. ಎಂದೋ ಹಡಗಿನಲ್ಲಿ ಹೊರಗಿನಿಂದ ತಂದು ಬಿಟ್ಟವು, ಈಗ ಬೆಟ್ಟದ ಚಿಗುರನ್ನೆಲ್ಲ ತಿಂದು ಹಾಕುತ್ತವೆ ಎಂದು ಸರಕಾರವೇ ಹೊಡೆಯಲು ಪರವಾನಗಿ ಕೊಡುತ್ತದೆ. ಹೊರಗಿನಿಂದ ಬಂದು ಇಲ್ಲಿ ಹೊಟ್ಟೆ ಹೊರೆಯುವವನು ನಾನೂ ಆದ್ದರಿಂದ ಈ ವಾದವನ್ನು ನಾನು ಬಹಳ ದೂರ ಎಳೆಯುವುದಿಲ್ಲ.

ಶೋಭಾ ಮೊಟ್ಟೆಯನ್ನೂ ಮುಟ್ಟದ ಮನೆಯಲ್ಲಿ ಬೆಳೆದವಳು. ನಾನು ಮಾಂಸ ತಿನ್ನುವವನು ಎಂದು ಗೊತ್ತಿದ್ದೇ ಮದುವೆಯಾದವಳು. ಬೇಟೆಯ ಮಾತು ಕೇಳಿ ಜಗಳವಾಡುತ್ತಾಳೆ ಎಂದುಕೊಂಡಿದ್ದೆ. ಜಗಳವಾಡಲಿಲ್ಲ. ಗ್ಯಾರೇಜಿನಲ್ಲಿ ಬೇರೆ ಫ್ರೀಜರ್ ಇಡಬೇಕು ಎಂದಳು, ಹಜಾರಕ್ಕೆ ಕೊಂಬು ತರಬಾರದು ಎಂದಳು. ನಾನು ಹೊರಡುವ ಮುಂಜಾನೆ ಬಾಗಿಲಲ್ಲಿ ನಿಂತು ಇನ್ನೊಂದು ಮಾತು ಹೇಳಿದಳು.

"ಹೊಡದ್ರ ತರ್ರಿ. ನೋವು ತಿನ್ನೋ ಜೀವಾ ಅಡವಿಯೊಳಗ ಬಿಟ್ಟು ಬರಬ್ಯಾಡ್ರಿ. ಅದಷ್ಟು ನನ್ನ ಕಡಿಂದ ಆಗೂದಿಲ್ಲ."

ಆಣೆ ಮಾಡಿದೆ. ಹೊಡೆಯುವುದೇ ಅನುಮಾನ ಎಂದು ನಗುತ್ತಾ ಮಾಡಿದೆ.

ಮೇ ತಿಂಗಳು, ಅಕಟರವಾ ಬೆಟ್ಟ. ನೆವಿಲ್‌ನ ಪಿಕಪ್ ಗಾಡಿಯನ್ನು ಕೆಳಗೆ ನಿಲ್ಲಿಸಿ ಕತ್ತಲು ಹರಿಯುವ ಮೊದಲೇ ಹತ್ತಿದೆವು. ಆ ಕಾಡಿನಲ್ಲಿ ಹೆಜ್ಜೆಯ ಸದ್ದೇ ಆಗುವುದಿಲ್ಲ. ನೆಲ, ಕಲ್ಲು, ಬಿದ್ದ ಮರ ಎಲ್ಲಕ್ಕೂ ಪಾಚಿ ಹೊದಿಸಿರುತ್ತದೆ. ಮಂಜು ಮರಗಳ ನಡುವೆ ಓಡಾಡುತ್ತಿತ್ತು, ನಾವು ನಿಂತಾಗ ಮಾತ್ರ ಅದೂ ನಿಲ್ಲುತ್ತಿತ್ತು. ನನಗೆ ಎಚ್ಚರವಿದೆಯೋ ಇಲ್ಲವೋ ಎಂಬ ಅನುಮಾನ. ಬೆಳಿಗ್ಗೆ ಎಂಟರ ಸುಮಾರಿಗೆ ನೆವಿಲ್ ನನ್ನ ತೋಳು ಮುಟ್ಟಿದ. ಇಪ್ಪತ್ತು ಹೆಜ್ಜೆ ದೂರದಲ್ಲಿ, ಯಾವಾಗ ಬಂದು ನಿಂತಿತೋ, ಒಂದು ಎಳೆಯ ಗಂಡು ಜಿಂಕೆ. ತಲೆಯ ಮೇಲೆ ಎರಡು ನೇರ ಕೊಂಬಿನ ಮೊಳಕೆ. ಉಸಿರು ಹೊಗೆಯಾಡುತ್ತಿತ್ತು.

ದಾರ ಎಳೆದೆ. ಬಿಟ್ಟೆ. ಬಿಡುವ ಹೊತ್ತಿಗೆ ಸರಿಯಾಗಿ ಅದು ಒಂದು ಹೆಜ್ಜೆ ಮುಂದಿಟ್ಟಿತು. ಅದು ಹೆಜ್ಜೆ ಇಟ್ಟದ್ದು ತಪ್ಪಲ್ಲ, ಅದು ನಿಂತು ನೆಲೆಯಾಗುವ ತನಕ ನಾನು ಕಾಯಬೇಕಾಗಿತ್ತು. ಎದೆಗೆ ಹೋಗಬೇಕಾದ ಬಾಣ ಹಿಂದೆ ಹೋಯಿತು. ಜಿಂಕೆ ಬೆನ್ನು ಗೂನಾಗಿಸಿ, ಓಡದೆ, ಹೊಟ್ಟೆ ನೋವಿನ ಮಗುವಿನ ಹಾಗೆ ಮೆಲ್ಲಗೆ ನಡೆದು ಮಂಜಿನೊಳಗೆ ಹೋಯಿತು.

ಬಾಣ ಆಚೆ ಬದಿಗೆ ತೂರಿ ಪಾಚಿಯಲ್ಲಿ ನೆಟ್ಟುಕೊಂಡಿತ್ತು. ನೆವಿಲ್ ಅದನ್ನು ನನ್ನ ಕೈಗೆ ಕೊಟ್ಟ. ಕಪ್ಪು ರಕ್ತ, ನಡುವೆ ಹಸಿರು ಚೂರು, ಮತ್ತು ಆ ವಾಸನೆ. ಕರುಳು ಹರಿದ ಮನುಷ್ಯರನ್ನು ನಾನು ಮಂಚದ ಮೇಲೆ ಎಷ್ಟೋ ಸಲ ಕಂಡಿದ್ದೇನೆ. ಆ ವಾಸನೆ ಬಂದೊಡನೆ ಆಪರೇಷನ್ ಕೋಣೆಗೆ ಫೋನ್ ಹೋಗುತ್ತದೆ, ಕೈಗೆ ಎರಡು ಸೂಜಿ ಬೀಳುತ್ತವೆ, ಎಲ್ಲರೂ ಓಡುತ್ತಾರೆ. ಆದರೆ ನೆವಿಲ್ ಚೀಲ ಬಿಚ್ಚಿ ಥರ್ಮಾಸ್ ತೆಗೆದ. ಇನ್ನು ಆರು ಗಂಟೆ ಕಾಯಬೇಕು ಎಂದ.

ಅವನ ಇಂಗ್ಲಿಷನ್ನು ನನ್ನ ಕನ್ನಡಕ್ಕೆ ಇಳಿಸಿದರೆ ಅವನು ಹೇಳಿದ್ದು ಇಷ್ಟು. ಹೊಟ್ಟೆಗೆ ಏಟು ಬಿದ್ದ ಜಿಂಕೆ ದೂರ ಹೋಗುವುದಿಲ್ಲ, ಹತ್ತಿರದಲ್ಲೇ ಮಲಗುತ್ತದೆ. ಯಾರೂ ಬೆನ್ನಟ್ಟದಿದ್ದರೆ ಮಲಗಿದಲ್ಲೇ ಜೀವ ಬಿಡುತ್ತದೆ. ಬೆನ್ನಟ್ಟಿದರೆ ಏಳುತ್ತದೆ. ಎದ್ದರೆ ಎಲ್ಲಿ ಹೋಗುತ್ತದೆ ಎಂದು ದೇವರಿಗೂ ತಿಳಿಯುವುದಿಲ್ಲ, ಎಷ್ಟು ಹೊತ್ತು ಬದುಕಿರುತ್ತದೆ ಎಂದೂ ತಿಳಿಯುವುದಿಲ್ಲ. ಆದ್ದರಿಂದ ಕೂತಿರಬೇಕು. ಬಿಲ್ಲುಗಾರರ ಪದ್ಧತಿ ಇದೇ, ಅವನ ತಂದೆ ಅವನಿಗೆ ಕಲಿಸಿದ್ದೂ ಇದೇ.

ನಾನು ತಲೆಯಾಡಿಸಿ ಚಹಾ ಕುಡಿದೆ. ನೆವಿಲ್ ಟೋಪಿಯನ್ನು ಕಣ್ಣಿಗೆ ಎಳೆದುಕೊಂಡು ಮರಕ್ಕೆ ಒರಗಿದ, ಐದು ನಿಮಿಷಕ್ಕೆ ಗೊರಕೆ. ನನಗೆ ಎದೆಯಲ್ಲಿ ಅವಲಕ್ಕಿ ಕುಟ್ಟುತ್ತಿತ್ತು. ಎಲೆಯಿಂದ ನೀರು ತೊಟ್ಟಿಕ್ಕಿದರೆ ಡ್ರಿಪ್ಪಿನ ಹನಿಯಂತೆ ಕೇಳುತ್ತಿತ್ತು. ಹಟ್ ಕಣಿವೆಯ ಯಾವುದೋ ಆಂಬುಲೆನ್ಸ್ ಸದ್ದು ಕೇಳಿದಂತಾಗುತ್ತಿತ್ತು, ಇರಲಿಕ್ಕಿಲ್ಲ. ನನ್ನಿಂದ ಗಾಯಗೊಂಡದ್ದು ಅಲ್ಲಿ ಎಲ್ಲೋ ಮಲಗಿದೆ, ನಾನಿಲ್ಲಿ ಬಿಸ್ಕತ್ತು ತಿನ್ನುತ್ತಿದ್ದೇನೆ. ಒಂದು ಗಂಟೆ ತಡೆದೆ. ಅದಕ್ಕಿಂತ ಹೆಚ್ಚು ಆಗಲಿಲ್ಲ. ಶೂಗಳ ಲೇಸು ಬಿಗಿದು, ಮಲಗಿದವನನ್ನು ದಾಟಿ, ಕಳ್ಳನ ಹಾಗೆ ಹೊರಟೆ. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆಯನ್ನು ಮಗಳಿಗೆ ನಾನೇ ಎಷ್ಟು ಸಲ ಹೇಳಿಲ್ಲ.

ಹೋಗಿ ಏನು ಮಾಡುತ್ತಿದ್ದೆ ಎಂದು ಕೇಳಬೇಡಿ. ನನಗೂ ಗೊತ್ತಿಲ್ಲ. ಬ್ಯಾಂಡೇಜ್ ಕಟ್ಟುತ್ತಿದ್ದೆನೇ? ಇನ್ನೊಂದು ಬಾಣ ಬಿಡುತ್ತಿದ್ದೆನೇ? ಓಡಬೇಕೆಂದಷ್ಟೇ ಇತ್ತು. ಅರವತ್ತು ಎಪ್ಪತ್ತು ಹೆಜ್ಜೆ ಹೋಗಿರಬೇಕು, ಎದುರಿನ ಜರೀಗಿಡಗಳ ಪೊದೆ ಎದ್ದು ನಿಂತಿತು. ಅದೇ. ಅಷ್ಟು ಹತ್ತಿರದಲ್ಲೇ, ನೆವಿಲ್ ಹೇಳಿದ ಹಾಗೆಯೇ, ಕಾಲು ಮಡಚಿ ಮಲಗಿತ್ತು. ಒಂದು ಕ್ಷಣ ನನ್ನನ್ನು ನೋಡಿತು. ಆಮೇಲೆ ತನ್ನಲ್ಲಿ ಉಳಿದದ್ದನ್ನೆಲ್ಲ ಒಟ್ಟು ಮಾಡಿಕೊಂಡು ಕೆಳಗಿನ ಕಮರಿಗೆ ಹಾರಿತು. ಕಲ್ಲು ಉರುಳಿದ ಸದ್ದು ಬಹಳ ಹೊತ್ತು ಕೇಳುತ್ತಿತ್ತು. ಅದು ಮಲಗಿದ್ದ ಜಾಗಕ್ಕೆ ಅಂಗೈ ಇಟ್ಟೆ. ಬೆಚ್ಚಗಿತ್ತು.

ಹಿಂದೆ ನೆವಿಲ್ ಬಂದು ನಿಂತಿದ್ದ. ಬೈದಿದ್ದರೆ ಚೆನ್ನಾಗಿತ್ತು. ನಾನು ಕೂತಿದ್ದರೆ ಮಧ್ಯಾಹ್ನದೊಳಗೆ ಅದು ಇಲ್ಲೇ ತೀರಿಹೋಗುತ್ತಿತ್ತು ಎಂದು ಮಾತ್ರ ಹೇಳಿದ. ಹೇಳಿ, ಅಲ್ಲೇ ಕೂತು, ನನ್ನನ್ನೂ ಕೂರಿಸಿದ. ಈ ಸಲ ಗಂಟೆ ಒಂದಾಗುವ ತನಕ ಏಳಲಿಲ್ಲ. ನಾನೂ ಏಳಲಿಲ್ಲ. ಆಣೆ ಮಾಡಿದ್ದು ನೆನಪಾಯಿತು. ಶೋಭಾಳಿಗೆ ಹೇಳಲು ಬೇರೆ ಬೇರೆ ವಾಕ್ಯ ಕಟ್ಟಿ ನೋಡಿದೆ, ಯಾವುದೂ ನಿಲ್ಲಲಿಲ್ಲ.

ನಾಲ್ಕು ಗಂಟೆ ಕಾಡಿನಲ್ಲಿ ಅಲುಗಾಡದೆ ಕೂತರೆ ಏನಾಗುತ್ತದೆ ಎಂದು ಕೂತವರಿಗೇ ಗೊತ್ತು. ಬೂದು ಬಣ್ಣದ ಒಂದು ಪುಟ್ಟ ರಾಬಿನ್ ಹಕ್ಕಿ ಬಂದು ನನ್ನ ಶೂ ಮೇಲೆ ನಿಂತು, ನಾನೂ ಒಂದು ಬಿದ್ದ ಮರವೆಂದು ತೀರ್ಮಾನಿಸಿ ಲೇಸು ಎಳೆದು ನೋಡಿತು. ಕಣ್ಣು ತೆರೆದಿದ್ದರೂ ನಾನು ಅಲ್ಲಿರಲಿಲ್ಲ. ಚಿಕ್ಕಂದಿನ ಬೆಟಗೇರಿಯ ನಮ್ಮ ನೇಕಾರರ ಓಣಿಯಲ್ಲಿದ್ದೆ. ಎರಡೂ ಬದಿಗೆ ಮಗ್ಗದ ಸದ್ದು. ನಮ್ಮವ್ವ ಕುಣಿ ಮಗ್ಗದಲ್ಲಿ ಸೊಂಟದ ತನಕ ಇಳಿದು ಕೂತಿದ್ದಾಳೆ. ಬಣ್ಣದ ಮನೆಯಿಂದ ಒಬ್ಬ ಹಸಿ ನೂಲಿನ ಲಡಿಗಳನ್ನು ಬಿದಿರಿನ ಗಳಕ್ಕೆ ಸಿಕ್ಕಿಸಿ ಹೊತ್ತುಕೊಂಡು ಓಣಿಯಲ್ಲಿ ಹೋಗುತ್ತಿದ್ದಾನೆ. ಹೋದಲ್ಲೆಲ್ಲ ಬಣ್ಣ ತೊಟ್ಟಿಕ್ಕುತ್ತದೆ. ಕೆಂಪು ಲಡಿ ಯಾರ ಮನೆಗೆ ಹೋಯಿತೋ ಅವರಿಗೆ ಮದುವೆ ಸೀರೆಯ ಕೆಲಸ ಸಿಕ್ಕಿತು ಎಂದು ಲೆಕ್ಕ. ಅವ್ವನಿಗೆ ಅದು ತಿಳಿಯಲೇಬೇಕು, ಆದರೆ ಕೇಳಲು ಮರ್ಯಾದೆ ಅಡ್ಡ. ಹಾಗಾಗಿ ನನ್ನನ್ನು ಗೂಢಚಾರನನ್ನಾಗಿ ಬಿಡುತ್ತಿದ್ದಳು.

ನಾನು ತಲೆ ಬಗ್ಗಿಸಿ ಕೆಂಪು ಹನಿಗಳ ಹಿಂದೆ ಹೋಗುತ್ತಿದ್ದೆ. ಹೊತ್ತವನು ನಿಂತು ಮಾತಾಡಿದ್ದರೆ ಹನಿ ಗುಂಡಗೆ, ಒತ್ತೊತ್ತಾಗಿ ಬಿದ್ದಿರುತ್ತಿತ್ತು. ನಡೆದಿದ್ದರೆ ಹನಿಗೆ ಹಲ್ಲು ಮೂಡಿ, ಅವನು ಹೋದ ದಿಕ್ಕಿಗೆ ಚಾಚಿರುತ್ತಿತ್ತು. ಕೂಡುದಾರಿಯಲ್ಲಿ ಎಮ್ಮೆ ತುಳಿದು ಹನಿ ಅಳಿಸಿಹೋಗಿ ನಾನು ಸೋತು ವಾಪಸ್ಸು ಬಂದರೆ, ಅವ್ವ ಲಾಳಿಯಿಂದ ಕಣ್ಣೆತ್ತದೆ, ಕಡೆಯ ಹನಿ ಎಲ್ಲಿ ಕಂಡಿತ್ತೋ ಅಲ್ಲಿಗೇ ಹೋಗಿ ನಿಲ್ಲು, ಸುಮ್ಮನೆ ನಿಲ್ಲು, ಮುಂದಿನದು ತಾನೇ ಕಾಣುತ್ತದೆ ಎನ್ನುತ್ತಿದ್ದಳು. ಕಾಣುತ್ತಿತ್ತು ಕೂಡ. ಮದುವೆ ಸೀರೆಯ ಕೆಲಸ ಮಾತ್ರ ಬಹುಪಾಲು ಎದುರು ಮನೆಯ ಚಂದ್ರವ್ವನಿಗೇ ಸಿಗುತ್ತಿತ್ತು, ಅದು ಬೇರೆ ಮಾತು.

ಒಂದು ಗಂಟೆಗೆ ನೆವಿಲ್ ಎದ್ದು ಸೊಂಟ ನೆಟ್ಟಗೆ ಮಾಡಿ, ಪೇಪರಿನ ಸುರುಳಿಯನ್ನು ನನ್ನ ಕೈಗೆ ಕೊಟ್ಟ. ನೀನೇ ಮುಂದೆ ನಡೆ, ನಿನ್ನ ಕಣ್ಣು ಚಿಕ್ಕದು ಎಂದ. ಚಿಕ್ಕ ವಯಸ್ಸಿನದು ಎಂದು ಅವನ ಅರ್ಥ, ನನಗೂ ಐವತ್ತಕ್ಕೆ ನಾಲ್ಕೇ ಕಡಿಮೆ. ಹೊಟ್ಟೆಯ ಗಾಯದಲ್ಲಿ ರಕ್ತ ಒಳಗೇ ಉಳಿಯುತ್ತದೆ, ಹೊರಗೆ ಬೀಳುವುದು ಜಿಪುಣನ ದಾನದಷ್ಟು. ಒಂದು ಹನಿ ಕಲ್ಲಿನ ಮೇಲೆ, ಇನ್ನೊಂದು ಹತ್ತು ಹೆಜ್ಜೆಯಾಚೆ ಎಲೆಯ ಅಡಿಯಲ್ಲಿ. ಮಂಡಿಯೂರಿ ನಡೆದೆ. ಒಂದೊಂದು ಹನಿಗೂ ಒಂದು ಬಿಳಿ ಚೂರು. ಹಿಂತಿರುಗಿ ನೋಡಿದರೆ ಇಳಿಜಾರಿನ ಉದ್ದಕ್ಕೂ ಯಾರೋ ಮಲ್ಲಿಗೆ ಮುಡಿಸಿಟ್ಟು ಹೋದ ಹಾಗೆ ಕಾಣುತ್ತಿತ್ತು. ಇಂಥ ಹೊತ್ತಿನಲ್ಲೂ ಅದು ಚೆಂದ ಕಾಣುತ್ತಿದೆಯಲ್ಲ ಎಂದು ನನಗೆ ನಾಚಿಕೆಯಾಯಿತು.

ತೊರೆಯ ಹತ್ತಿರ ಹನಿ ನಿಂತುಹೋಯಿತು. ಆಚೆ ದಡದಲ್ಲಿ ಹುಡುಕಿದೆ, ಮೇಲೆ ಹುಡುಕಿದೆ, ಕೆಳಗೆ ಹುಡುಕಿದೆ. ಮೂರು ಗಂಟೆ ಆಗುತ್ತಿತ್ತು, ಕಮರಿಯಲ್ಲಿ ಬೆಳಕು ಆಗಲೇ ಹಳದಿಯಾಗಿತ್ತು. ನಾಳೆ ಬಂದು ನೋಡೋಣವೇ ಎಂದು ನೆವಿಲ್ ಕೇಳಿದ. ಕಾಲು ಎಲ್ಲಿಗೋ ಓಡಬೇಕು ಎನ್ನುತ್ತಿತ್ತು. ಅದನ್ನು ಹಿಡಿದು, ಕೊನೆಯ ಬಿಳಿ ಚೂರಿನ ಬಳಿ ಹೋಗಿ ನಿಂತೆ. ಎಷ್ಟೋ ಹೊತ್ತು ನಿಂತೆ. ನೀರಿನ ಮಧ್ಯದ ಕಲ್ಲೊಂದರ ಪಾಚಿ ಒಂದು ಕಡೆ ಜಾರಿ ಕಿತ್ತುಬಂದಿತ್ತು. ಗೊರಸು ಜಾರಿದ ಗುರುತು. ಅದು ತೊರೆ ದಾಟಿರಲಿಲ್ಲ, ನೀರಿನಲ್ಲೇ ಕೆಳಮುಖವಾಗಿ ನಡೆದಿತ್ತು. ಹೊಟ್ಟೆಯಲ್ಲಿ ಬೆಂಕಿ ಬಿದ್ದವರು ತಣ್ಣೀರು ಕೇಳುವುದನ್ನು ದಿನಾ ನೋಡುವ ನನಗೆ ಅದು ಮೊದಲೇ ಹೊಳೆಯಬೇಕಿತ್ತು.

ನೀರಿನ ಗುಂಟ ಇಳಿದೆವು. ತಿರುವಿನಾಚೆ, ಬಳ್ಳಿಗಳು ಹೆಣೆದುಕೊಂಡ ಬೀಚ್ ಎಂಬ ಜಾತಿಯ ಒಂದು ಮರದ ಬುಡದಲ್ಲಿ ಅದು ಮಲಗಿತ್ತು. ತಲೆ ಎತ್ತಿಕೊಂಡಿತ್ತು. ಬದುಕಿತ್ತು.

ಬಾಣ ಹೂಡಿದೆ. ನೆವಿಲ್ ನನ್ನ ಮಣಿಕಟ್ಟಿನ ಮೇಲೆ ಕೈ ಇಟ್ಟ. ಆ ಬಳ್ಳಿಗಳ ಜಾಲದಲ್ಲಿ ಬಾಣ ತಾಗಿ ದಿಕ್ಕು ತಪ್ಪುತ್ತದೆ, ಹತ್ತಿರ ಹೋದರೆ ಮತ್ತೆ ಏಳುತ್ತದೆ. ಇಂಗ್ಲಿಷಿನಲ್ಲಿ ಅವನು ಹೇಳಿದ್ದು ನಾಲ್ಕೇ ಪದ. ಕೂತುಕೋ, ಅದರ ಜೀವ ಹೋಗಲಿ ಎಂದು.

ಕೂತೆ. ಮೂವತ್ತು ಹೆಜ್ಜೆ ದೂರ, ಒಂದು ಬಂಡೆಯ ಮರೆಯಲ್ಲಿ. ಅದರ ಉಸಿರು ಎಣಿಸಿದೆ, ಅಭ್ಯಾಸ ಬಲ. ಎಣಿಸುತ್ತಾ ಎಣಿಸುತ್ತಾ ಬಿಟ್ಟುಬಿಟ್ಟೆ. ಬೀಚ್ ಮರದ ಎಲೆಗಳು ಬಹಳ ಸಣ್ಣವು, ಒಂದೊಂದೇ ತಿರುಗುತ್ತಾ ಅದರ ಬೆನ್ನಿನ ಮೇಲೆ ಬೀಳುತ್ತಿದ್ದವು. ಮೊದಮೊದಲು ಎಲೆ ಬಿದ್ದಾಗ ಅದರ ಚರ್ಮ ಒಮ್ಮೆ ಅದುರುತ್ತಿತ್ತು, ಕಿವಿ ಆಡುತ್ತಿತ್ತು. ಅದು ನಮ್ಮ ಕಡೆ ನೋಡುತ್ತಿತ್ತೋ, ನಮ್ಮಾಚೆಯ ನೀರನ್ನೋ, ತಿಳಿಯಲಿಲ್ಲ. ಒಮ್ಮೆ ಅದು ಗಲ್ಲವನ್ನು ಬೇರಿನ ಮೇಲೆ ಇಟ್ಟುಕೊಂಡಿತು. ತೊರೆಯ ಸದ್ದು ಮಗ್ಗದ ಸದ್ದಾಯಿತು, ಮತ್ತೆ ತೊರೆಯಾಯಿತು. ನನಗೆ ಅಳು ಬಂತು, ಒರೆಸಿಕೊಳ್ಳಲು ಕೈ ಎತ್ತಿದರೆ ಎದ್ದೀತು ಎಂದು ಹಾಗೇ ಬಿಟ್ಟೆ. ಆಮೇಲೆ ಯಾವಾಗಲೋ ನೋಡಿದರೆ ಎಲೆ ಬೀಳುತ್ತಿತ್ತು, ಚರ್ಮ ಅದುರುತ್ತಿರಲಿಲ್ಲ. ಪ್ರತಿ ಸಾವಿನ ಹೊತ್ತನ್ನು ನಿಮಿಷದ ಲೆಕ್ಕದಲ್ಲಿ ಬರೆದಿಡುವ ನಾನು ಆ ಹೊತ್ತು ಯಾವುದೆಂದು ಹೇಳಲಾರೆ.

ಮುಂದಿನದು ಕೆಲಸ. ನೆವಿಲ್ ಚಾಕುವಿನಿಂದ ಮಾಡಬೇಕಾದ್ದನ್ನು ಮಾಡಿ ತೋರಿಸಿದ. ಹಾಳಾದ ಭಾಗ ಬಿಟ್ಟು ಉಳಿದದ್ದನ್ನು ತೊರೆಯಲ್ಲಿ ತೊಳೆದು ಎರಡು ಚೀಲಕ್ಕೆ ಹಂಚಿಕೊಂಡೆವು. ಅವನ ಭುಜ ನೋಯುತ್ತದೆಂದು ಭಾರದ ಚೀಲ ನಾನು ಹೊತ್ತೆ. ಮನೆ ಮುಟ್ಟುವಾಗ ದೀಪ ಹಚ್ಚುವ ಹೊತ್ತು ದಾಟಿತ್ತು.

ಚೀಲವನ್ನು ಗ್ಯಾರೇಜಿನಲ್ಲಿಟ್ಟು ಒಳಗೆ ಬಂದೆ. ಶೋಭಾ ಕೊತ್ತಂಬರಿ ಬಿಡಿಸುತ್ತಿದ್ದವಳು ನನ್ನ ಮಂಡಿಯ ಕೆಸರು ನೋಡಿದಳು, ಮುಖ ನೋಡಿದಳು. ಸಿಕ್ಕಿತೇ ಎಂದು ಕೇಳಿದಳು. ಸಿಕ್ಕಿತು, ತಂದಿದ್ದೇನೆ ಎಂದೆ. ಅಲ್ಲಿಗೆ ನನ್ನ ಆಣೆ ತೀರಿತ್ತು, ಅವಳು ಕೇಳಿದ್ದಷ್ಟನ್ನು ಮಾಡಿ ಮುಗಿಸಿದ್ದೆ. ಸ್ನಾನಕ್ಕೆ ಹೋಗಬಹುದಾಗಿತ್ತು.

"ಭಾಳ ತ್ರಾಸ ಆತೇನ್ರಿ ಅದಕ್ಕ?" ಎಂದಳು.

ಆಸ್ಪತ್ರೆಯ ಕಾರಿಡಾರಿನಲ್ಲಿ ಈ ಪ್ರಶ್ನೆಯನ್ನು ನನಗೆ ಎಷ್ಟು ಜನ ಕೇಳಿದ್ದಾರೋ. ಗಂಡನ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು, ಅಮ್ಮನ ಕನ್ನಡಕ ಹಿಡಿದುಕೊಂಡು ಕೇಳುತ್ತಾರೆ. ಎಲ್ಲರಿಗೂ ನಾನು ಒಂದೇ ಉತ್ತರ ಕೊಡುತ್ತೇನೆ. ಇಲ್ಲ, ಏನೂ ತಿಳಿಯಲಿಲ್ಲ ಅವರಿಗೆ, ನಿದ್ದೆ ಹೋದ ಹಾಗೆ ಹೋದರು. ಹದಿನಾಲ್ಕು ವರ್ಷ ಹೇಳಿ ಹೇಳಿ ನುಣುಪಾದ ಮಾತು, ತಾನಾಗಿಯೇ ತುಟಿಗೆ ಬಂತು. ಶೋಭಾ ಕೊತ್ತಂಬರಿ ಕೆಳಗಿಟ್ಟು ಕಾಯುತ್ತಿದ್ದಳು.

"ಆತು," ಎಂದೆ. "ಎಂಟು ತಾಸು. ನಾ ಸುಮ್ನ ಕುಂತಿದ್ರ ಅರ್ಧಕ್ಕ ಮುಗೀತಿತ್ತು."